ಚೀಟಿ ಬಾರದ ಹಾಡು

ನ್ಯಾಮತಿಯಲ್ಲಿ ಬಸ್ ಇಳಿದು ಪೇಟೆ ರಸ್ತೆಯಲ್ಲಿ ನಾಲ್ಕು ಹೆಜ್ಜೆ ನಡೆದು ಆ ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಕಾದ ಸೀಸದ ವಾಸನೆ ಮೂಗಿಗೆ ಬಡಿಯಿತು. ಬೆಸುಗೆ ಹಾಕುವಾಗ ರಾಳ ಸುಟ್ಟು ಏಳುವ ಹೊಗೆಯ ವಾಸನೆ. ಎಂಬತ್ತಾರನೇ ಇಸವಿಯಲ್ಲಿ ಒಂದು ಇಡೀ ಮಳೆಗಾಲ ನನ್ನ ಅಂಗಿ, ತಲೆಗೂದಲು, ತಿನ್ನುವ ಮಂಡಕ್ಕಿ ಎಲ್ಲವೂ ಇದೇ ವಾಸನೆ ಹೊಡೆಯುತ್ತಿದ್ದವು. ಆಗ ಅಂಗಡಿಯ ತುಂಬ ಬಿಚ್ಚಿಟ್ಟ ರೇಡಿಯೋಗಳು. ಈಗ ಬಿಚ್ಚಿಟ್ಟ ಮೊಬೈಲುಗಳು. ಖಲೀಲನ ಮಗಳು ರೇಷ್ಮಾ ಅವುಗಳ ಮೇಲೆ ಬಗ್ಗಿ ಕೂತಿದ್ದಳು.

ಖಲೀಲ್ ತೀರಿಕೊಂಡು ನಲವತ್ತು ದಿನ ಕಳೆದಿತ್ತು. ಸುದ್ದಿ ನನಗೆ ವಾರದೊಳಗೇ ತಲುಪಿತ್ತು. ಆದರೂ ಇವತ್ತು ನಾಳೆ ಎಂದು ದೂಡಿಕೊಂಡು ಬಂದೆ. ಮೊಣಕಾಲು ನೋವು, ಬಸ್ಸಿನಲ್ಲಿ ಕುಲುಕಾಟ ಎಂದು ಹೆಂಡತಿಯ ಮುಂದೆ ಏನೇನೋ ಹೇಳಿದೆ. ನಿಜ ಹೇಳಬೇಕೆಂದರೆ, ಅವನ ಮನೆಯಲ್ಲಿ ಯಾರಾದರೂ ಹಾಡಿನ ಮಾತು ತೆಗೆದರೆ ಏನು ಹೇಳಲಿ ಎಂಬ ಹೆದರಿಕೆ ನನ್ನನ್ನು ತಡೆದಿತ್ತು.

ಬಿ.ಎ. ಮುಗಿಸಿ ಹೊನ್ನಾಳಿಯ ನಮ್ಮ ಕಿರಾಣಿ ಅಂಗಡಿಯಲ್ಲಿ ಬೆಲ್ಲ ಕಟ್ಟುತ್ತ ಕೂತಿದ್ದ ವರ್ಷ ಅದು. ಖಲೀಲ್ ನನ್ನ ಹೈಸ್ಕೂಲಿನ ಗೆಳೆಯ. ನ್ಯಾಮತಿಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ. ಮಾತು ಕಡಿಮೆ. ಏನು ಕೇಳಿದರೂ ಮೊದಲು ಸ್ಕ್ರೂಡ್ರೈವರ್ ಕೆಳಗಿಟ್ಟು, ಆಮೇಲೆ ನಮ್ಮ ಮುಖ ನೋಡಿ, ಆಮೇಲೆ ಉತ್ತರ ಕೊಡುವ ಜಾತಿ. ಅಂಗಡಿಯ ಹಿಂದೆಯೇ ಮನೆ, ಮನೆಯ ಹಿಂದೆ ತಗಡು ಹೊದಿಸಿದ ಒಂದು ಕೊಠಡಿ. ಮನೆಯ ಪಡಸಾಲೆಯಲ್ಲಿ ಅವನ ತಾಯಿ ಹಸೀನಮ್ಮ ಬೆಳಗಿನಿಂದ ಸಂಜೆಯವರೆಗೆ ಹೊಲಿಗೆ ಮಿಷಿನ್ ತುಳಿಯುತ್ತಿದ್ದರು. ಗಂಡ ಹೋದ ಮೇಲೆ ಆ ಮಿಷಿನ್ನಿನಿಂದಲೇ ಮಗನನ್ನು ಸಾಕಿದವರು. ಅವನು ಅವರನ್ನು ಅಮ್ಮಿ ಎನ್ನುತ್ತಿದ್ದ, ನಾವೂ ಅಮ್ಮಿ ಎನ್ನುತ್ತಿದ್ದೆವು.

ಅಮ್ಮಿಗೆ ಎರಡು ವರ್ಷದಿಂದ ಕಿವಿ ಮಂದವಾಗುತ್ತ ಬಂದಿತ್ತು. ಎಡಗಿವಿ ಪೂರ್ತಿ ಹೋಗಿತ್ತು. ಶಿವಮೊಗ್ಗದ ಡಾಕ್ಟರು, ಬಲಗಿವಿಯೂ ಇನ್ನು ಆರು ತಿಂಗಳೋ ಒಂದು ವರ್ಷವೋ, ಆಮೇಲೆ ಏನೂ ಕೇಳಿಸುವುದಿಲ್ಲ ಎಂದು ಹೇಳಿ ಕಳಿಸಿದ್ದರು. ಆ ಜೂನ್ ತಿಂಗಳಲ್ಲಿ ತಗಡಿನ ಮೇಲೆ ಮಳೆ ಬಡಿದು ನಾವು ಒಬ್ಬರಿಗೊಬ್ಬರು ಕೂಗಿ ಮಾತಾಡುವಂತಾದಾಗಲೂ ಅಮ್ಮಿ ಬಾಗಿಲಿಗೆ ಬಂದು ಹೊರಗೆ ನೋಡಿ, "ಅರೆ, ಮಳೆ ಬಂದೈತೆ!" ಎಂದು ಅಂಗಳದ ಬಟ್ಟೆಗೆ ಓಡುತ್ತಿದ್ದರು. ನಾವು ನಕ್ಕುಬಿಡುತ್ತಿದ್ದೆವು. ಖಲೀಲ್ ನಗುತ್ತಿರಲಿಲ್ಲ.

ಹೀಗಿರುವಾಗ ಆಂಜಿನಿ ಒಂದು ಕ್ಯಾಸೆಟ್ ತಂದ. ಆಂಜಿನಿ ಹೊನ್ನಾಳಿಯ ಮದುವೆ ಬ್ಯಾಂಡಿನಲ್ಲಿ ಡ್ರಮ್ ಬಾರಿಸುವವನು. ದಾವಣಗೆರೆಯ ಇಂಜಿನಿಯರಿಂಗ್ ಹುಡುಗರ ರೂಮಿನಿಂದ ಎರವಲು ತಂದಿದ್ದನಂತೆ. ಮೇಲೆ ತಲೆಬುರುಡೆಯ ಚಿತ್ರ, ಹಿಂದೆ ಕರಿ ಅಂಗಿ ತೊಟ್ಟ ಉದ್ದ ಕೂದಲಿನ ಬಿಳಿಯರು.

"ಇದಕ್ಕೆ ಹೆವಿ ಮೆಟಲ್ ಅಂತಾರಂತೆ ಕಣ್ರಲೇ" ಎಂದ.

ನಾನು ಒಂದು ನಿಮಿಷ ಕೇಳಿ, "ಹಿಟ್ಟಿನ ಗಿರಣಿ ಕೆಟ್ಟಂಗೈತೆ, ಆರ್ಸೋ ಮಾರಾಯ" ಎಂದೆ. ಖಲೀಲ್ ಆರಿಸಲಿಲ್ಲ. ರಿಪೇರಿಗೆ ಬಂದಿದ್ದ ಮೈಕ್‌ಸೆಟ್ಟಿನ ದೊಡ್ಡ ಸ್ಪೀಕರ್ ಪೆಟ್ಟಿಗೆಗೆ ಟೇಪ್ ರೆಕಾರ್ಡರಿನ ವೈರು ಕೊಟ್ಟು ವಾಲ್ಯೂಮ್ ಪೂರ್ತಿ ತಿರುಗಿಸಿದ. ನೆಲ ಅದುರಿತು. ಕಪಾಟಿನ ಮೇಲಿದ್ದ ಲೋಟ ನಡೆದುಕೊಂಡು ಬಂದು ಕೆಳಗೆ ಬಿತ್ತು. ಪಡಸಾಲೆಯಲ್ಲಿ ಮಿಷಿನ್ ನಿಂತಿತು. ಅಮ್ಮಿ ಕುತ್ತಿಗೆ ತಿರುಗಿಸಿ ನಮ್ಮ ಕಡೆ ನೋಡಿದರು.

"ಯಾರೋ ಅದು? ನನ್ ಹಂಗೇ ಯಾರು ಹೊಲೀತಿದಾರೆ?"

ಖಲೀಲನ ಮುಖ ಆ ಗಳಿಗೆಯಲ್ಲಿ ಹೇಗಾಯಿತೆಂದು ನಾನು ಕಂಡಿದ್ದೇನೆ. ಆಮೇಲೆ ನಮ್ಮ ಕಡೆ ತಿರುಗಿ, "ಇದು ಅಮ್ಮಿಗೆ ಕೇಳ್ತೈತೆ. ಇಂಥಾದ್ದು ನಾವೂ ಮಾಡನ" ಎಂದ. ನಮ್ಮ ತಂಡ ಹುಟ್ಟಿದ್ದು ಹಾಗೆ.

ದಾವಣಗೆರೆಯಲ್ಲಿ ಮುರಿದುಬಿದ್ದ ಒಂದು ಆರ್ಕೆಸ್ಟ್ರಾದಿಂದ ಹಳೆಯ ಎಲೆಕ್ಟ್ರಿಕ್ ಗಿಟಾರ್ ಬಂತು. ಎಷ್ಟು ಬಾರಿಸಿದರೂ ಅದು ಸಿನಿಮಾ ಹಾಡಿನ ಹಾಗೆ ನಯವಾಗಿಯೇ ನುಡಿಯಿತು. ಖಲೀಲ್ ಎರಡು ದಿನ ಯೋಚಿಸಿ, ಸ್ಪೀಕರಿನ ಕಪ್ಪು ಕಾಗದಕ್ಕೆ ದಾಡಿ ಬ್ಲೇಡಿನಿಂದ ಮೂರು ಗೀರು ಹಾಕಿದ. ಅಲ್ಲಿಗೆ ಆ ಕರಕರ ಬಂತು. ಚನ್ನಗಿರಿಯಿಂದ ಬಸವರಾಜ ಸೇರಿದ. ಅಲ್ಲಿನ ಅಡಿಕೆ ಮಂಡಿಯಲ್ಲಿ ಹರಾಜು ಕೂಗುವವನು. ಮೈಕು ಇಲ್ಲದೆ ಮೂರು ಬೀದಿಗೆ ಕೇಳಿಸುವ ಗಂಟಲು. ನಾನು? ನನಗೆ ತಾಳವೂ ಬಾರದು, ರಾಗವೂ ಬಾರದು. ಆದರೆ ಮಾತು ಬರುತ್ತಿತ್ತು. ಮೈಕ್ ಹಿಡಿದು ಜನರನ್ನು ಮಾತಾಡಿಸುವುದು, ಯಾವ ಹಾಡು ಯಾವಾಗ ಎಂದು ನಿರ್ಧರಿಸುವುದು ನನ್ನ ಪಾಲಿಗೆ ಬಂತು. ತಂಡಕ್ಕೆ 'ಸಿಡಿಲು' ಎಂದು ಹೆಸರಿಟ್ಟವನೂ ನಾನೇ. ಬರೀ ಸಿಡಿಲು ಎಂದರೆ ಜನಕ್ಕೆ ತಿಳಿಯುವುದಿಲ್ಲವೆಂದು ಮುಂದೆ ಆರ್ಕೆಸ್ಟ್ರಾ ಸೇರಿಸಿದೆ.

ಅಮ್ಮಿ ನಮಗೆ ನಾಲ್ಕು ಕರಿ ಅಂಗಿ ಹೊಲಿದುಕೊಟ್ಟರು. ಕೋಟಿನ ಒಳಗೆ ಹಾಕುವ ಅಸ್ತರ್ ಬಟ್ಟೆ. ಬೆವರು ಬಂದರೆ ಬಣ್ಣ ಬಿಡುತ್ತಿತ್ತು. ಒಂದೊಂದು ಕಾರ್ಯಕ್ರಮ ಮುಗಿದಾಗಲೂ ನಾವು ನಾಲ್ವರೂ ಕುತ್ತಿಗೆಯಿಂದ ಹೊಕ್ಕುಳವರೆಗೆ ಕಪ್ಪಾಗಿರುತ್ತಿದ್ದೆವು.

ಆ ಮಳೆಗಾಲದಲ್ಲಿ ಆರು ಹಾಡು ಕಟ್ಟಿದೆವು. ಅದರಲ್ಲಿ ಎರಡರ ಕಥೆ ಹೇಳಿದರೆ ಸಾಕು.

ಒಂದು ನನ್ನದು. ಹೊನ್ನಾಳಿಯಿಂದ ಶಿವಮೊಗ್ಗಕ್ಕೆ ಹೋಗುವ ಬೆಳಗಿನ ಬಸ್ಸಿನ ಮೇಲೆ ಬರೆದದ್ದು. ಕೋಳಿ, ಕುಂಬಳಕಾಯಿ, ಹೊಸ ಮದುಮಗಳು, ಎಲ್ಲರನ್ನೂ ತುರುಕಿಕೊಂಡು ಬಸ್ಸು ಹೊರಡುತ್ತದೆ. ಪ್ರತಿ ಸಾಲಿನ ಕೊನೆಗೆ ಕಂಡಕ್ಟರ್ ಬಾಗಿಲು ಬಡಿದು "ರೈಟ್! ರೈಟ್!" ಎನ್ನುತ್ತಾನೆ. ಎರಡು ಏಟು, ನಿಲುಗಡೆ, ಮತ್ತೆ ಎರಡು ಏಟು. ಅಷ್ಟೇ ಅದರ ಬಂಡವಾಳ. ಅರ್ಧ ಗಂಟೆಯಲ್ಲಿ ಬರೆದಿದ್ದೆ.

ಇನ್ನೊಂದು ಖಲೀಲನದು. ಅಮ್ಮಿಯ ಮಿಷಿನ್ ಮೇಲೆ. ಎರಡು ತಿಂಗಳು ಅದನ್ನು ಕಟ್ಟಿದ. ಒಂಟಿ ಗಿಟಾರಿನಲ್ಲಿ ತೀರ ಮೆಲ್ಲಗೆ ಶುರುವಾಗಿ, ಚಕ್ರ ತಿರುಗಿದ ಹಾಗೆ ವೇಗ ಏರುತ್ತ ಏರುತ್ತ ಹೋಗಿ, ಕೊನೆಗೆ ಡ್ರಮ್ಮೂ ಗಿಟಾರೂ ಬಸವರಾಜನ ಗಂಟಲೂ ಒಂದಾಗಿ ಎದೆಯ ಮೇಲೆ ಬೀಳುತ್ತಿತ್ತು. ಎಂಟು ನಿಮಿಷದ ಹಾಡು. ಮೊದಲ ಸಲ ತಗಡಿನ ಕೊಠಡಿಯಲ್ಲಿ ಪೂರ್ತಿ ನುಡಿಸಿದಾಗ ಆಂಜಿನಿ ಕೋಲು ಕೆಳಗಿಟ್ಟು ಕಣ್ಣೊರೆಸಿಕೊಂಡ. ಅಮ್ಮಿ ಆ ದಿನ ಯಾರದೋ ಮದುವೆ ಬಟ್ಟೆಗೆ ಅಳತೆ ತೆಗೆಯಲು ಹೋಗಿದ್ದರು. ಬಂದ ಮೇಲೆ ಮತ್ತೊಮ್ಮೆ ನುಡಿಸೋಣ ಎಂದರೆ ಖಲೀಲ್ ಒಪ್ಪಲಿಲ್ಲ.

"ಇಲ್ಲಿ ಬ್ಯಾಡ. ದೊಡ್ಡ ಪೆಟ್ಟಿಗಿ ಇಟ್ಟು, ಸ್ಟೇಜಿನ ಮ್ಯಾಲೆ, ಊರೆಲ್ಲ ಕೂತಿರಬೇಕಾದ್ರೆ ಕೇಳ್ಲಿ. ಆಕಿ ಕಿವಿ ಹೋಗಾಕೆ ಮುಂಚೆ ಒಂದ್ಸಲ."

ಅವನು ಆ ವರ್ಷ ನನ್ನನ್ನು ಕೇಳಿದ್ದು ಇದೊಂದನ್ನೇ. ಆಗಲಿ ಎಂದು ನಾನು ಕೈಮೇಲೆ ಕೈ ಹಾಕಿ ಹೇಳಿದ್ದೆ.

ಆಗಸ್ಟಿನಲ್ಲಿ ಅದೇ ಕೊಠಡಿಯಲ್ಲಿ ಮಳೆ ಬಿಟ್ಟ ಒಂದು ಮಧ್ಯಾಹ್ನ ಆರೂ ಹಾಡನ್ನು ಟೇಪ್ ಮಾಡಿ, ಹತ್ತಿಪ್ಪತ್ತು ಕ್ಯಾಸೆಟ್ಟಿಗೆ ನಕಲು ಇಳಿಸಿ ಗೆಳೆಯರಿಗೆ ಹಂಚಿದೆವು. ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು, ಯಾಕೆಂದರೆ ಮುಂದೆ ಆದದ್ದನ್ನು ನೋಡಿದರೆ ಯಾರೂ ನಂಬುವುದಿಲ್ಲ. ಬರೀ ಕ್ಯಾಸೆಟ್ ಕೇಳಿದವರೆಲ್ಲ ಮೆಚ್ಚಿದ್ದು ಖಲೀಲನ ಮಿಷಿನ್ ಹಾಡನ್ನು. ನನ್ನ ಬಸ್ಸಿನ ಹಾಡು ಯಾರಿಗೂ ಬೇಕಿರಲಿಲ್ಲ. "ಅದೇನಲೇ ರುದ್ರಾ, ಬಸ್‌ಸ್ಟ್ಯಾಂಡ್ನಾಗೆ ದಿನಾ ಕೇಳೋದನ್ನ ಕ್ಯಾಸೆಟ್ನಾಗೆ ಬ್ಯಾರೆ ಕೇಳಬೇಕಾ" ಎಂದು ನನ್ನ ಸ್ವಂತ ಅಣ್ಣನೇ ಆಡಿಕೊಂಡ.

ಸೆಪ್ಟೆಂಬರಿನಲ್ಲಿ ಹೊನ್ನಾಳಿಯ ಗಣಪತಿ ಪೆಂಡಾಲಿನಲ್ಲಿ ನಮಗೆ ಮೊದಲ ಅವಕಾಶ ಸಿಕ್ಕಿತು. ಹರಿಕಥೆಗೂ ಬಹುಮಾನ ವಿತರಣೆಗೂ ನಡುವೆ ಇಪ್ಪತ್ತು ನಿಮಿಷ. ಎಂಟು ನಿಮಿಷದ ಹಾಡು ಅದರೊಳಗೆ ಎಲ್ಲಿ ಹಿಡಿಯಬೇಕು? ಬಿಟ್ಟೆ. ಬಸ್ಸಿನ ಹಾಡು ಸಣ್ಣದು, ಹಾಕಿದೆ. ಎರಡನೇ ಸಾಲಿಗೇ ಜನ ಚೇರಿನ ಬೆನ್ನು ಬಡಿದು "ರೈಟ್! ರೈಟ್!" ಎನ್ನತೊಡಗಿದರು. ಮುದುಕರು, ಹೆಂಗಸರು, ಕೊನೆಗೆ ಬಂದೋಬಸ್ತಿನ ಪೊಲೀಸಪ್ಪ ಕೂಡ ಲಾಠಿಯಿಂದ ಕಂಬಕ್ಕೆ ಎರಡು ಬಿಗಿದ. ಆ ದಿನ ನನ್ನ ತಲೆ ತಿರುಗಿದ್ದು ಇವತ್ತಿಗೂ ಪೂರ್ತಿ ನಿಂತಿಲ್ಲ.

ನಮ್ಮ ಕಡೆ ಆರ್ಕೆಸ್ಟ್ರಾಗಳಿಗೆ ಒಂದು ಪದ್ಧತಿ ಇತ್ತು. ಜನ ತಮಗೆ ಬೇಕಾದ ಹಾಡನ್ನು ಚೀಟಿಯಲ್ಲಿ ಬರೆದು, ಕೆಳಗೆ ಹೆಸರು ಹಾಕಿ ಸ್ಟೇಜಿಗೆ ಕಳಿಸುತ್ತಿದ್ದರು. ಮೈಕ್ ಹಿಡಿದವನು ಅದನ್ನು ಓದಿ, ಇಂಥವರ ಕೋರಿಕೆಯ ಮೇರೆಗೆ ಎಂದು ಹೇಳಿ ಹಾಡಿಸಬೇಕು. ಚನ್ನಗಿರಿಯ ಕಾಲೇಜಿನಲ್ಲಿ ಎರಡನೇ ಕಾರ್ಯಕ್ರಮ. ನನ್ನ ಮಡಿಲ ತುಂಬ ಚೀಟಿ. ಬಸ್ ಹಾಡು, ಬಸ್ ಹಾಡು, ರೈಟ್ ರೈಟ್. ಆವತ್ತಿನಿಂದ ನಾನೊಂದು ಕಾನೂನು ಮಾಡಿದೆ. ಚೀಟಿ ಬಂದ ಹಾಡು ಮೊದಲು, ಮಿಕ್ಕಿದ್ದು ಹೊತ್ತು ಉಳಿದರೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಖಲೀಲ್ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಭದ್ರಾ ನಾಲೆ ದಾಟಿದ ಮೇಲೆ ಕೇಳಿದ.

"ಕೇಳದೇ ಇರೋ ಹಾಡಿಗೆ ಚೀಟಿ ಯಾರು ಬರೀತಾರೋ ರುದ್ರಾ?"

"ಜನಕ್ಕೆ ಏನು ಬೇಕು ಅಂತ ಜನಕ್ಕೆ ಗೊತ್ತಿರ್ತೈತೆ ಬಿಡೋ" ಎಂದೆ. ಎಂಥ ದೊಡ್ಡ ಮಾತು. ಆಗ ನನಗೆ ಇಪ್ಪತ್ತಮೂರು ವರ್ಷ.

ಅಕ್ಟೋಬರಿನಲ್ಲಿ ಜಗಳೂರು. ಅಲ್ಲಿ ಮಳೆಯ ಸುಳಿವಿಲ್ಲ, ಬರೀ ಕೆಂಪು ಧೂಳಿನ ಗಾಳಿ. ಸುತ್ತಲಿನ ಹಳ್ಳಿಗಳಿಂದ ಜನ ಟ್ರ್ಯಾಕ್ಟರ್ ಹತ್ತಿ ಬಂದಿದ್ದರು. ಬಸ್ ಹಾಡನ್ನು ಎರಡು ಸಲ ಹಾಡಬೇಕಾಯಿತು. ಮುಗಿದ ಮೇಲೆ ಸೊಕ್ಕೆ ಎಂಬ ಹಳ್ಳಿಯ ಒಬ್ಬ ರೈತ ನಮ್ಮನ್ನು ಹುಡುಕಿಕೊಂಡು ಬಂದ. ಯಾರದೋ ಕೈಯಿಂದ ನಮ್ಮ ಕ್ಯಾಸೆಟ್ ಅವನಿಗೆ ತಲುಪಿತ್ತು. ನಮ್ಮ ಕೈ ಹಿಡಿದು ಅಲುಗಾಡಿಸಿದ.

"ಸ್ವಾಮೇರಾ, ಕ್ಯಾಸೆಟ್ನಾಗೆ ಈ ಬಸ್ಸಿನ ಹಾಡು ಬಂದ್ರೆ ಮುಂದಕ್ಕೆ ಓಡಿಸಿಬಿಡ್ತಿದ್ದೆ. ಕೊನೀಗೆ ಒಂದು ಮಿಷಿನ್ ಹಾಡೈತಲ್ರೀ, ಅದನ್ನೇ ಕೇಳ್ತಿದ್ದೆ. ಇವತ್ತು ಕಣ್ಣಾರೆ ನೋಡಿದ್ ಮ್ಯಾಲೆ ಗೊತ್ತಾತು ನೋಡ್ರಿ ಬಸ್ಸಿಂದು ಏನು ಅಂತ. ಇನ್ಮ್ಯಾಲೆ ಇದನ್ನೇ ತಿರುಗಿಸಿ ತಿರುಗಿಸಿ ಹಾಕೋದು."

ನಾನು ಹಿಗ್ಗಿ ಹೀರೇಕಾಯಾದೆ. ಖಲೀಲ್ ಪಕ್ಕದಲ್ಲೇ ವೈರು ಸುತ್ತುತ್ತಿದ್ದ. ತನ್ನ ಹಾಡನ್ನು ಮೆಚ್ಚಿದ್ದ ಒಬ್ಬನೇ ಒಬ್ಬ ಅಪರಿಚಿತ ಅವನ ಕಣ್ಣೆದುರೇ ಕೈಬಿಟ್ಟು ಹೋದ. ನನಗೆ ಇದು ಹೊಳೆಯಲು ವರ್ಷಗಳು ಬೇಕಾದವು. ಜನ ಒಂದು ಹಾಡನ್ನು ಕಿವಿಯಿಂದ ಅಷ್ಟೇ ಮೆಚ್ಚುವುದಿಲ್ಲ. ಅದು ನಡೆದಾಗ ತಾನೂ ಅಲ್ಲಿದ್ದೆ, ತಾನೂ ಚೇರು ಬಡಿದೆ ಎಂದು ಮೆಚ್ಚುತ್ತಾರೆ. ಸ್ಟೇಜು ಹತ್ತದ ಹಾಡಿಗೆ ಆ ಭಾಗ್ಯ ಎಲ್ಲಿಂದ ಬರಬೇಕು?

ನವೆಂಬರಿನ ರಾಜ್ಯೋತ್ಸವಕ್ಕೆ ನ್ಯಾಮತಿಯ ಯುವಕ ಸಂಘದವರು ಕರೆದರು. ಭಾನುವಾರ, ಸಂತೆ ಮೈದಾನ. ಆ ವರ್ಷ ಕರೆಂಟು ಪಾಳಿಯ ಮೇಲೆ ಬರುತ್ತಿತ್ತು. ನ್ಯಾಮತಿಗೆ ಆ ದಿನ ಮಧ್ಯಾಹ್ನ ಎರಡರಿಂದ ಐದು. ಐದು ಎಂದರೆ ಐದೇ. ಇದು ನಮಗೆಲ್ಲ ಗೊತ್ತಿತ್ತು, ನನಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು, ಯಾಕೆಂದರೆ ಗಡಿಯಾರ ಕಟ್ಟಿಕೊಂಡವನು ನಾನೊಬ್ಬನೇ.

ಬೆಳಿಗ್ಗೆ ಖಲೀಲ್ ತಾನೇ ಹಾಡುಗಳ ಪಟ್ಟಿ ಬರೆದು ಕೊಟ್ಟ. ಮೂರನೆಯದು ಮಿಷಿನ್ ಹಾಡು. ಆಮೇಲೆ ಒಂದು ಅಗಲವಾದ ಹಲಗೆ ತಂದು ಮುಂದಿನ ಸಾಲಿನ ಪಕ್ಕಕ್ಕೆ ಹಾಕಿ, ಅದರ ಒಂದು ತುದಿಗೆ ದೊಡ್ಡ ಸ್ಪೀಕರ್ ಪೆಟ್ಟಿಗೆ ಇಟ್ಟ, ಇನ್ನೊಂದು ತುದಿಗೆ ಒಂದು ಕುರ್ಚಿ. ಅಮ್ಮಿಯ ಬಲಗಿವಿಯೂ ಆ ಹೊತ್ತಿಗೆ ಬಹುಪಾಲು ಹೋಗಿತ್ತು. ಅವರು ಹೊಸ ಸೀರೆ ಉಟ್ಟು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಬಂದು ಕೂತರು. ಇವತ್ತು ನಿನ್ನ ಮೇಲೆ ಕಟ್ಟಿದ ಹಾಡು ಇದೆ ಎಂದು ಮಗ ಅವರಿಗೆ ಮೊದಲೇ ತಿಳಿಸಿದ್ದ. ಚಪ್ಪಲಿ ಬಿಟ್ಟು ಬರಿಗಾಲನ್ನು ಹಲಗೆಯ ಮೇಲಿಡಲು ಖಲೀಲ್ ಸನ್ನೆ ಮಾಡಿದ. ಇಟ್ಟರು.

ಸಂಘದವರ ಭಾಷಣಗಳು ಮುಗಿದು ನಾವು ಶುರು ಮಾಡುವಾಗ ನಾಲ್ಕು ಗಂಟೆ ದಾಟಿತ್ತು. ಎರಡು ಹಾಡು ಆದವು. ಖಲೀಲ್ ಮುಂದೆ ಬಂದು ಗಿಟಾರಿನ ತಂತಿ ಸರಿಮಾಡಿಕೊಳ್ಳುತ್ತ ನನ್ನ ಕಡೆ ನೋಡಿದ. ನನ್ನ ಮಡಿಲಲ್ಲಿ ಚೀಟಿಗಳ ರಾಶಿ. ಜನ ಆಗಲೇ ಚೇರು ಬಡಿಯುತ್ತಿದ್ದರು. ನನ್ನ ಹಾಡು. ನಾನು ಬರೆದದ್ದು.

"ಇದೊಂದು ಆಗ್ಲಿ, ಆಮೇಲೆ ನಿಂದೇ" ಎಂದು ಅವನ ಕಿವಿಯಲ್ಲಿ ಹೇಳಿ, ಮೈಕಿನಲ್ಲಿ ಬಸ್ಸು ಹೊರಡಿಸಿದೆ.

ನಮ್ಮ ಸೀಮೆಯಲ್ಲಿ ನಾಟಕ ಕಂಪನಿಗಳ ಕಾಲದಿಂದ ಜನ ಒನ್ಸ್ ಮೋರ್ ಎಂದರೆ ಸತ್ತುಬಿದ್ದ ಪಾತ್ರವೂ ಎದ್ದು ಮತ್ತೆ ಹಾಡಬೇಕು. ಹಾಡು ಮುಗಿದದ್ದೇ ಒನ್ಸ್ ಮೋರ್ ಬಂತು. ಹಾಡಿದರು. ಮತ್ತೆ ಒನ್ಸ್ ಮೋರ್. ಬೇಡ ಎನ್ನುವ ಅಧಿಕಾರ ಇದ್ದದ್ದು ಮೈಕ್ ಹಿಡಿದ ನನಗೆ. ಖಲೀಲ್ ನನ್ನನ್ನೇ ನೋಡುತ್ತಿದ್ದ. ನಾನು ಮೈಕನ್ನು ಜನರ ಕಡೆ ತಿರುಗಿಸಿ, "ಟಿಕೆಟ್ ತಗಂಡೀರೇನ್ರಪ್ಪಾ ಎಲ್ಲಾರೂ?" ಎಂದು ಕೂಗಿದೆ. ಇಡೀ ಮೈದಾನ ಎದ್ದು ನಿಂತಿತು. ಮೂರನೇ ಸಲ ಮುಗಿದಾಗ ಐದಕ್ಕೆ ಹತ್ತು ನಿಮಿಷ ಇತ್ತು. ಇನ್ನೂ ಕಾಲ ಮಿಂಚಿರಲಿಲ್ಲ. ಆದರೆ ಸಂಘದ ಅಧ್ಯಕ್ಷರು ಹಾಡು ಬರೆದವರಿಗೆ ಹಾರ ಎಂದು ಸೇವಂತಿಗೆ ಹಾರ ಹಿಡಿದು ಸ್ಟೇಜು ಹತ್ತಿದರು. ನಾನು ಕತ್ತು ಬಗ್ಗಿಸಿದೆ. ಅವರು ಎರಡು ಮಾತಾಡಿದರು. ಉತ್ತರವಾಗಿ ನಾನೂ ಎರಡು ಮಾತಾಡಿದೆ.

ಖಲೀಲ್ ಶುರು ಮಾಡಿದಾಗ ನನ್ನ ಕೊರಳಲ್ಲಿ ಹಾರ ಇನ್ನೂ ಇತ್ತು. ಒಂಟಿ ಗಿಟಾರ್, ಮೆಲ್ಲಗೆ, ನಾಲ್ಕೈದು ಸ್ವರ. ಬಸವರಾಜ ಬಾಯಿ ತೆರೆಯಲಿದ್ದ. ಸ್ಪೀಕರ್ ಪೆಟ್ಟಿಗೆ ಟಪ್ ಎಂದು ಸುಮ್ಮನಾಯಿತು. ಕರೆಂಟು ಹೋಯಿತು. ತಂತಿಯ ಮೇಲೆ ಅವನ ಬೆರಳು ಇನ್ನೂ ಆಡುತ್ತಿದ್ದವು, ಪಕ್ಕದಲ್ಲೇ ನಿಂತ ನನಗೂ ಕೇಳಿಸುತ್ತಿರಲಿಲ್ಲ. ಜನ ಚೇರು ಮಡಚತೊಡಗಿದರು.

ಮುಂದಿನದನ್ನು ಬರೆಯುವುದು ಕಷ್ಟ. ಅಮ್ಮಿ ಎದ್ದು ಬಂದು ಸ್ಟೇಜಿನ ಅಂಚಿನಲ್ಲಿ ಮಗನ ಎರಡೂ ಕೈ ಹಿಡಿದುಕೊಂಡರು. ಕಿವಿ ಕೇಳದವರ ಜೋರು ದನಿಯಲ್ಲಿ, ಸುತ್ತಲಿನವರೆಲ್ಲ ತಿರುಗಿ ನೋಡುವ ಹಾಗೆ ಹೇಳಿದರು.

"ನನ್ ಹಾಡನ್ನ ಮೂರು ಸಲ ಹಾಡ್ಸಿದ್ರಲ್ಲೋ ಜನ! ಗೊತ್ತಾತು ಕಣೋ ನಂಗೆ, ಕಾಲಿಗೆ ಬಂತು. ಎರಡು ಹೊಲಿಗಿ, ನಿಲ್ಸೋದು. ಮತ್ತೆ ಎರಡು ಹೊಲಿಗಿ. ಮಿಷಿನ್ ಹಂಗೇ ಐತಲ್ಲೋ!"

ಖಲೀಲ್ ನನ್ನ ಕಡೆ ನೋಡಲಿಲ್ಲ. ತಾಯಿಗೆ ತುಟಿಯಿಂದ ತಿಳಿಯಲೆಂದು ಬಾಯಿ ಅಗಲವಾಗಿ ತೆರೆದು, ಒಂದೊಂದೇ ಅಕ್ಷರ ಬಿಡಿಸಿ, "ಹೌದಮ್ಮಿ. ನಿಂದೇ" ಎಂದ.

ಅವರು ನನ್ನ ತಲೆಯ ಮೇಲೂ ಕೈ ಇಟ್ಟರು. "ನೀನೇ ಅಲ್ಲೇನಪ್ಪಾ ಜನಕ್ಕೆ ಹೇಳಿ ಹೇಳಿ ಹಾಡ್ಸಿದ್ದು. ಚೆನ್ನಾಗಿರು" ಎಂದು ಹರಸಿದರು. ಹಾರದ ಹೂವಿನ ಎಸಳು ಅವರ ಸೆರಗಿಗೆ ಅಂಟಿಕೊಂಡವು. ಭೂಮಿ ಬಾಯಿ ಬಿಡಬಾರದೇ ಎಂದು ಜನ ಹೇಳುವುದನ್ನು ಕೇಳಿದ್ದೆ, ಆವತ್ತು ನಾನೇ ಅಂದುಕೊಂಡೆ.

ಎರಡು ದಿನ ನಿದ್ದೆ ಬರಲಿಲ್ಲ. ಮೂರನೇ ದಿನ ಮೊದಲ ಬಸ್ಸಿಗೆ ನ್ಯಾಮತಿಗೆ ಹೋಗಿ, ಇನ್ನೊಂದು ಕಾರ್ಯಕ್ರಮ ಮಾಡೋಣ, ನಿಮ್ಮ ಮನೆ ಮುಂದೆಯೇ ಮಾಡೋಣ, ಅದೊಂದೇ ಹಾಡು ನುಡಿಸೋಣ ಎಂದು ಅಂಗಲಾಚಿದೆ. ಖಲೀಲ್ ಸ್ಕ್ರೂಡ್ರೈವರ್ ಕೆಳಗಿಟ್ಟ. ನನ್ನ ಮುಖ ನೋಡಿದ.

"ಬ್ಯಾಡ. ಆಕಿ ತನ್ ಹಾಡು ಕೇಳಿದ್ನಿ ಅಂದ್ಕಂಡಾಳೆ. ಓಣಿಯವ್ರಿಗೆಲ್ಲ ಹೇಳ್ಕಂಡು ಬಂದಾಳೆ. ಈಗ ಇನ್ನೊಂದು ಹಾಡಿ ಇದು ನಿಂದು ಅಂದ್ರೆ, ಮೊದ್ಲಿಂದು ಯಾರ್ದು ಅಂತಾಳೆ. ಏನ್ ಹೇಳ್ಲಿ?"

ಬೈದಿದ್ದರೆ, ಕಪಾಳಕ್ಕೆ ಬಾರಿಸಿದ್ದರೆ ಎಷ್ಟೋ ಹಗುರಾಗುತ್ತಿತ್ತು. "ಚಾ ಕುಡೀತೀಯಾ?" ಎಂದು ಕೇಳಿದ.

ಸಂಕ್ರಾಂತಿಯ ಹೊತ್ತಿಗೆ ಅಮ್ಮಿಗೆ ಏನೂ ಕೇಳಿಸದಾಯಿತು. ಅದಾದ ಮೇಲೂ ಎರಡು ಕಾರ್ಯಕ್ರಮ ಕೊಟ್ಟೆವು. ಖಲೀಲ್ ಬಸ್ ಹಾಡಿಗೆ ಒಂದು ಏಟೂ ತಪ್ಪದ ಹಾಗೆ ನುಡಿಸಿದ, ಮಿಷಿನ್ ಹಾಡಿನ ಹೆಸರೆತ್ತಲಿಲ್ಲ. ಯುಗಾದಿಗೆ ಮುಂಚೆ ನನಗೆ ಹಾಸನದ ಕಡೆ ಮೇಷ್ಟ್ರ ಕೆಲಸ ಸಿಕ್ಕಿತು. ಸಿಡಿಲು ಅಲ್ಲಿಗೆ ಮುಗಿಯಿತು. ಊರಿಗೆ ಬಂದಾಗೊಮ್ಮೆ ಅವನ ಅಂಗಡಿಗೆ ಹೋಗುತ್ತಿದ್ದೆ. ಮಕ್ಕಳು, ಮಳೆ, ಬೆಲೆ, ಎಲ್ಲ ಮಾತಾಡುತ್ತಿದ್ದೆವು. ಆ ಒಂದು ಮಾತನ್ನು ಇಬ್ಬರೂ ಸುತ್ತಿಕೊಂಡು ಹೋಗುತ್ತಿದ್ದೆವು. ತಪ್ಪಾಯಿತು ಎಂದು ಹೇಳಲು ಪ್ರತಿ ಸಲ ಬಾಯಿ ತೆರೆದಿದ್ದೇನೆ. ಹೇಳಲಿಲ್ಲ. ಈಗ ಅವನೇ ಇಲ್ಲ.

ಸುದ್ದಿ ಬಂದ ಮೇಲೆ ಆ ಹಾಡನ್ನಾದರೂ ಹುಡುಕೋಣ ಎಂದು ಹೊರಟೆ. ನನ್ನ ಕ್ಯಾಸೆಟ್ಟನ್ನು ಯಾವುದೋ ಕಾಲದಲ್ಲಿ ತಂಗಿ ತೆಗೆದುಕೊಂಡು ಹೋಗಿ, ಕೊನೆಯ ಭಾಗ ಖಾಲಿ ಎಂದುಕೊಂಡು ತನ್ನ ಮಗುವಿನ ತೊದಲು ಮಾತು ತುಂಬಿಸಿದ್ದಳು. ಆಂಜಿನಿ ತೀರಿಹೋಗಿ ಬಹಳ ವರ್ಷವಾಗಿದೆ. ಚನ್ನಗಿರಿಗೆ ಫೋನ್ ಮಾಡಿದರೆ ಬಸವರಾಜ ಬಸ್ ಹಾಡನ್ನು ಮೊದಲಿಂದ ಕೊನೆಯವರೆಗೆ ಫೋನಿನಲ್ಲೇ ಹಾಡಿದ, ಕೆಮ್ಮುತ್ತ ಕೆಮ್ಮುತ್ತ. ಮಿಷಿನ್ ಹಾಡು? "ಹೂಂ ಕಣೋ, ಒಂದಿತ್ತು. ಭಾಳ ಚೆನ್ನಾಗಿತ್ತು. ಹೆಂಗಿತ್ತೋ ಅದು?" ಎಂದ. ಅದನ್ನೇ ಕೇಳಲು ನಾನು ಅವನಿಗೆ ಫೋನ್ ಮಾಡಿದ್ದು.

ರೇಷ್ಮಾ ನನಗೆ ಸ್ಟೂಲ್ ಹಾಕಿ, ಒಳಗಿನಿಂದ ಚಹಾ ತರಿಸಿದಳು. ಅವಳ ಮುಖದಲ್ಲಿ ಅವಳಪ್ಪನ ಹುಬ್ಬು. ಅದೂ ಇದೂ ಮಾತಾಡಿದ ಮೇಲೆ ಕೇಳಿಯೇಬಿಟ್ಟಳು.

"ಚಾಚಾ, ಅಬ್ಬಾ ನಮ್ ದಾದಿ ಮ್ಯಾಲೆ ಒಂದು ಹಾಡು ಕಟ್ಟಿದ್ರಂತಲ್ರೀ? ನೀವೂ ಇದ್ರಿ ಅಂತ ಹೇಳ್ತಿದ್ರು."

ದಾದಿ ಎಂದರೆ ಅವಳ ಅಜ್ಜಿ, ನಮ್ಮ ಅಮ್ಮಿ. ನಾನು ತಲೆ ಆಡಿಸಿದೆ.

"ನಾನು ಸಣ್ಣಾಕಿ ಇದ್ದಾಗಿಂದ ನೋಡೀನಿ. ದಾದಿಗೆ ಏನೇನೂ ಕೇಳ್ತಿರ್ಲಿಲ್ಲ. ಅಂಗಡಿ ಬಾಗ್ಲು ಹಾಕಿದ್ದೇ ಅಬ್ಬಾ ಹೋಗಿ ಪಕ್ಕಕ್ಕೆ ಕುಂತು, ದಾದಿ ಕೈ ತಗಂಡು, ಅಂಗೈ ಮ್ಯಾಲೆ ಬೆರಳಿಂದ ಬಡೀತಿದ್ರು. ದಾದಿ ನಗೋರು. ಒನ್ಸ್ ಮೋರ್ ಅನ್ನೋರು. ಹತ್ತು ವರ್ಷದ ಮ್ಯಾಲೇ ನಡೀತು, ಒಂದಿನ ತಪ್ಪಿಸಿಲ್ಲ ನೋಡ್ರಿ. ದಾದಿ ಹೋದ ದಿವ್ಸಾನೂ ಬಡಿದ್ರು."

ಅವಳು ತನ್ನ ಎಡ ಅಂಗೈ ಬಿಡಿಸಿ, ಬಲಗೈಯ ಎರಡು ಬೆರಳಿನಿಂದ ಬಡಿದು ತೋರಿಸಿದಳು. ಎರಡು ಏಟು. ನಿಲುಗಡೆ. ಮತ್ತೆ ಎರಡು ಏಟು.

ರೈಟ್, ರೈಟ್.

ಹತ್ತು ವರ್ಷ. ಪ್ರತಿ ಸಂಜೆ. ಎರಡು ತಿಂಗಳು ತಾನೇ ಕಟ್ಟಿದ ಹಾಡನ್ನು ಬೆರಳಲ್ಲಿಟ್ಟುಕೊಂಡವನು, ತಾಯಿಯ ಅಂಗೈಯ ಮೇಲೆ ನನ್ನ ಬಸ್ಸನ್ನು ಓಡಿಸುತ್ತ ಕೂತಿದ್ದ. ಚಹಾದ ಲೋಟವನ್ನು ಕುಡಿಯದೆಯೇ ಕೆಳಗಿಟ್ಟೆ. ರೇಷ್ಮಾ ಅದನ್ನು ಬೇರೆ ರೀತಿ ತಿಳಿದುಕೊಂಡಳು, ಅವಳ ಕಣ್ಣೂ ತುಂಬಿತು.

"ಇದರ ಮಾತು ಏನಿದ್ವು ಚಾಚಾ? ಕೇಳಿದ್ರೆ ಅಬ್ಬಾ ನಗೋರು, ಹೇಳ್ತಿರ್ಲಿಲ್ಲ. ಮನ್ಯಾಗೆ ಕ್ಯಾಸೆಟ್ಟೂ ಇಲ್ಲ. ನೀವಾದ್ರೂ ಹೇಳ್ರಿ, ಬರ್ಕಂತೀನಿ. ನನ್ ಮಕ್ಳಿಗೆ ಬೇಕು."

ಪುಸ್ತಕ ತೆಗೆದು ಪೆನ್ನು ಹಿಡಿದು ಕೂತಳು. ಕೋಳಿ, ಕುಂಬಳಕಾಯಿ, ಕಂಡಕ್ಟರು ಎಂದು ಹೇಳಲೇ? ಆ ತಾಳ ಅವನದಲ್ಲ, ನನ್ನದು ಎಂದು ಹೇಳಲೇ? ಹೇಳಿದರೆ ಆ ಹತ್ತು ವರ್ಷದ ಸಂಜೆಗಳು ಏನಾಗಬೇಕು? ಕಣ್ಣು ಮುಚ್ಚಿ, ತಗಡಿನ ಕೊಠಡಿ, ಮಳೆ, ಬಸವರಾಜನ ಬಾಯಿ, ಎಲ್ಲವನ್ನೂ ತಡಕಾಡಿದೆ. ಮಿಷಿನ್ ಹಾಡಿನ ರಾಗ ಒಂದಿಷ್ಟೂ ಸಿಗಲಿಲ್ಲ. ಮಾತಿನಲ್ಲಿ ಒಂದೇ ಒಂದು ಸಾಲು ಸಿಕ್ಕಿತು.

"ನಿನಗೇ ಕೇಳದ ಸದ್ದಿನಲ್ಲಿ ನನ್ನ ಅಂಗಿ ಹೊಲಿದೆ."

ರೇಷ್ಮಾ ಬರೆದುಕೊಂಡಳು. ಆ ಸಾಲನ್ನು ಮೆಲ್ಲಗೆ ಹೇಳಿಕೊಳ್ಳುತ್ತ ಅಂಗೈಯ ಮೇಲೆ ಬಡಿದು ನೋಡಿದಳು. ಹೇಗೋ ಹೊಂದಿಸಿಕೊಂಡಳು. ಆಮೇಲೆ ನನ್ನ ಮುಖ ನೋಡಿದಳು.

"ಮುಂದ್ಕೆ?"

"ಅಷ್ಟೇ ಕಣಮ್ಮಾ. ಆ ಹಾಡು ಇದ್ದದ್ದೇ ಅಷ್ಟು" ಎಂದೆ.

ಅವಳು ಸಾಲಿನ ಕೆಳಗೆ ಒಂದು ಗೆರೆ ಎಳೆದು, ಅದರಡಿಗೆ ಅಪ್ಪನ ಹೆಸರು ಬರೆದಳು.